ವಾಯುಧೀರನ ಹುಲ್ಲಿನ ಗೊಂಬೆ

...ಹುಲ್ಲು ಕಂಪ್ಲಿಯಿಂದ ಬಂತು ಎಂದು ಹೇಳುತ್ತಿದ್ದೆನಲ್ಲ, ಸರಿಯಾಗಿ ಅಲ್ಲಿಗೆ ನಿನ್ನೆ ನನ್ನ ಕೈಗೊಂದು ಚೀಟಿ ಬಂತು. 'ಸಮಯವಾಯಿತು' ಎಂಬ ಚೀಟಿ. ಇರಲಿ. ಇಂದು ಮತ್ತೆ ಕರೆದಿದ್ದೀರಿ, ಅದೇ ಹುಲ್ಲಿನಿಂದಲೇ ಶುರು ಮಾಡುತ್ತೇನೆ. ಒಂದು ಗಾಡಿ ಭತ್ತದ ಹುಲ್ಲು. ಅದು ಏತಕ್ಕೆ ಬಂತು ಎಂಬುದನ್ನು ನಿನ್ನೆ ಹೇಳಲಾಗಲಿಲ್ಲ. ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು. ಏಕೆಂದರೆ ನಾನು ಹೋಗಿ ಕುರ್ಚಿಯಲ್ಲಿ ಕುಳಿತ ಅರ್ಧ ಗಂಟೆಗೆ, ಇದೇ ಪರದೆಯ ಮೇಲೆ, ಆ ಹುಲ್ಲು ಬೇರೆಯೇ ಏನೋ ಆಗಿಹೋಯಿತು.

ಕ್ಷಮಿಸಬೇಕು, ಸಂಬೋಧನೆ ಮರೆತೆ. ಅಧ್ಯಕ್ಷತೆ ವಹಿಸಿರುವ ಹಿರಿಯರಾದ ವಿರೂಪಾಕ್ಷಪ್ಪನವರೇ, ಬೆಂಗಳೂರಿನಿಂದ ದಯಮಾಡಿಸಿರುವ ನಮ್ಮೆಲ್ಲರ ವಾಯುಧೀರ ಶ್ರೀ ನಾಗಭೂಷಣ ಅವರೇ, ಈ ಪುನರ್ಮಿಲನ ಚಿತ್ರವನ್ನು ತಯಾರಿಸಿದ ಕುಮಾರಿ ಸುಷ್ಮಿತಾ ಅವರೇ, ವೇದಿಕೆಯ ಮೇಲಿನ ಗಣ್ಯರೇ, ವೇದಿಕೆಯ ಕೆಳಗಿನ ನನ್ನ ಚಿತ್ತವಾಡ್ಗಿಯ ನೆರೆಹೊರೆಯವರೇ, ಲೇಡೀಸ್ ಅಂಡ್ ಜಂಟಲ್‌ಮನ್, ಸಭಿಕರೇ. ನನಗೆ ಶಾಲು ಹೊದಿಸಿದ್ದೀರಿ. ಹೊಸಪೇಟೆಯ ಈ ಸೆಕೆಯಲ್ಲಿ ಶಾಲು ಹೊದಿಸಿದವರ ಧೈರ್ಯವನ್ನು ಮೆಚ್ಚಬೇಕು. ಅದನ್ನು ಕುರ್ಚಿಯ ಮೇಲೆ ಮಡಿಸಿಟ್ಟಿದ್ದೇನೆ, ಯಾರೂ ತಪ್ಪು ತಿಳಿಯಬಾರದು. ತಪ್ಪು ತಿಳಿದರೂ ಅಡ್ಡಿಯಿಲ್ಲ.

ನಿನ್ನೆ ಬಾರದವರಿಗಾಗಿ ಎರಡು ಮಾತು. ತೊಂಬತ್ತೊಂದನೆಯ ಇಸವಿಯಲ್ಲಿ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ 'ವಾಯುಧೀರ' ಎಂಬ ಧಾರಾವಾಹಿ ಬರುತ್ತಿತ್ತು. ಹದಿಮೂರು ಕಂತು. ಹಗಲು ಹೊತ್ತು ಅಂಚೆ ಕಚೇರಿಯಲ್ಲಿ ಮೊಹರು ಒತ್ತುವ ಗುಮಾಸ್ತ, ಊರಿಗೆ ಆಪತ್ತು ಬಂತೆಂದರೆ ಹಸಿರು ಉಡುಪು ತೊಟ್ಟು, ಕಣ್ಣೆರಡು ಬಿಟ್ಟು ಮುಖವೆಲ್ಲ ಮುಸುಕು ಹಾಕಿ, ಬಂಡೆಯಿಂದ ಬಂಡೆಗೆ ಹಾರಿ ಬಂದು ದುಷ್ಟರನ್ನು ಸದೆಬಡಿಯುವ ವೀರ. ಆ ಹೊತ್ತಿನಲ್ಲಿ ನಮ್ಮ ಓಣಿಯಲ್ಲಿ ಒಂದು ನಾಯಿಯೂ ಹೊರಗೆ ಕಾಣುತ್ತಿರಲಿಲ್ಲ. ಕಂತು ಮುಗಿದ ಮೇಲೆ ಮಕ್ಕಳು ಹೆಗಲಿಗೆ ಟವೆಲ್ಲು ಕಟ್ಟಿಕೊಂಡು ಕಾಲುವೆಯ ಕಟ್ಟೆಯಿಂದ ಹಾರುತ್ತಿದ್ದವು. ಮೂಳೆ ಕಟ್ಟುವ ಮೂಕಪ್ಪನಿಗೆ ಸೋಮವಾರವೆಲ್ಲ ಪುರುಸೊತ್ತಿಲ್ಲ. ಆ ಬಂಡೆಗಳು ಯಾವುವು? ಹಂಪಿಯಿಂದ ಆಚೆ, ಕಂಪ್ಲಿ ರಸ್ತೆಯ ಬದಿಯ ನಮ್ಮದೇ ಬಂಡೆಗಳು. ಈಗ ಮೂವತ್ತು ವರ್ಷ ಕಳೆದ ಮೇಲೆ ಆ ತಂಡದವರನ್ನೆಲ್ಲ ಒಂದು ಕಡೆ ಕೂಡಿಸಿ, 'ವಾಯುಧೀರ ಹೇಗಾಯಿತು' ಎಂದು ಇವರು ಚಿತ್ರ ಮಾಡಿದ್ದಾರೆ. ನಿನ್ನೆ ಅರ್ಧ ನೋಡಿದೆವು, ಇಂದು ಇನ್ನರ್ಧ. ಬರುವ ಭಾನುವಾರ ನಾಡೆಲ್ಲ ನೋಡುತ್ತದೆ. ನನ್ನ ಗಡಿಬಿಡಿ ಇರುವುದು ಆ ಭಾನುವಾರದ ಬಗ್ಗೆಯೇ.

ಇದರಲ್ಲಿ ಈ ಹೊನ್ನೂರಸ್ವಾಮಿಯ, ಅಂದರೆ ನನ್ನ, ಪಾತ್ರವೇನು? ನಿರ್ದೇಶಕರಾದ ಲಿಂಗರಾಜ್ ಅವರು, ಈಗ ಅವರಿಲ್ಲ, ಒಳ್ಳೆಯ ಮನುಷ್ಯ, ಇಲ್ಲಿಗೆ ಬಂದಾಗ ಇಂಗ್ಲಿಷ್ ಬರೆಯಬಲ್ಲ ಒಬ್ಬ ಸ್ಥಳೀಯ ಬೇಕೆಂದರು. ನಾನು ಬಿ.ಎ. ಎರಡನೆಯ ವರ್ಷದವರೆಗೆ ಓದಿದವನು. ಇಂಗ್ಲಿಷ್ ಪೇಪರಿಗೆ ಮೂರು ಸಲ ಕುಳಿತವನು. ಮೂರು ಸಲ ಕುಳಿತದ್ದರಿಂದ ಒಂದೇ ಸಲ ಪಾಸಾದವರಿಗಿಂತ ಹೆಚ್ಚು ಇಂಗ್ಲಿಷ್ ನನಗೆ ಬರುತ್ತದೆ ಎಂದು ನಾನೇ ಅವರಿಗೆ ಹೇಳಿದೆ. ಅವರು ನಕ್ಕು ಕೈಗೆ ರಿಜಿಸ್ಟರ್ ಕೊಟ್ಟರು. ದಿನವೂ ಯಾವ ದೃಶ್ಯ ತೆಗೆದರು, ಯಾರು ನಟಿಸಿದರು, ಏನೇನು ಸಾಮಾನು ಬಂತು, ಎಲ್ಲ ಬರೆಯುವುದು. ಆ ರಿಜಿಸ್ಟರನ್ನು ಇಷ್ಟು ವರ್ಷ ಕಾಪಾಡಿದ್ದಕ್ಕೆ ಇಂದು ನನಗೆ ಈ ಫಲಕ. 'ಇತಿಹಾಸ ಸಂರಕ್ಷಕ' ಎಂದು ಕೆತ್ತಿಸಿದ್ದಾರೆ. ರಿಜಿಸ್ಟರೂ ಇಲ್ಲೇ ಇದೆ, ಮೇಜಿನ ಮೇಲೆ, ಮಲ್ಲಿಗೆ ಹಾರ ಹಾಕಿಸಿಕೊಂಡು ಕುಳಿತಿದೆ. ನಮ್ಮ ಓಣಿಯ ಎಷ್ಟು ಜನ ಹಿರಿಯರಿಗೆ ಈ ಭಾಗ್ಯ ಸಿಕ್ಕಿದೆ ಹೇಳಿ?

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ. ಪರದೆಯ ಮೇಲೆ ಆ ಜಿಗಿತ ಬಂತು. ಒಂದು ಬಂಡೆಯಿಂದ ಇನ್ನೊಂದಕ್ಕೆ, ನಡುವೆ ಎರಡಾಳು ಆಳದ ಸಂದು. ನೀವು ಶಿಳ್ಳೆ ಹಾಕಿದಿರಿ. ಕೂಡಲೇ ರಿಜಿಸ್ಟರಿನ ಪುಟ ದೊಡ್ಡದಾಗಿ ಬಂತು. 'ಸ್ಟ್ರಾ, ಒನ್ ಕಾರ್ಟ್.' ಅದರ ಕೆಳಗೆ ನಾಲ್ಕು ಸಾಲು, ನಾಲ್ಕರಲ್ಲೂ 'ಜಂಪ್, ಡಮ್ಮಿ.' ಹಿನ್ನೆಲೆಯ ದನಿ ಏನು ಹೇಳಿತು? 'ಈ ಅದ್ಭುತ ಜಿಗಿತಕ್ಕೆ ಬಳಸಿದ್ದು ಹುಲ್ಲು ತುಂಬಿದ ಒಂದು ಗೊಂಬೆಯನ್ನು!' ಆಮೇಲೆ ನಾಗಭೂಷಣ ಅವರ ಮುಖ ಬಂತು. ಅವರು ನಕ್ಕು, 'ಆ ಹುಲ್ಲಿನ ಗೊಂಬೆ ನನಗಿಂತ ಚೆನ್ನಾಗಿ ನಟಿಸ್ತು' ಎಂದರು. ಸಭೆಯೆಲ್ಲ ನಕ್ಕಿತು. ನೀವೂ ನಕ್ಕಿರಿ ವಿರೂಪಾಕ್ಷಪ್ಪನವರೇ, ನಾನು ಪಕ್ಕದಲ್ಲೇ ಇದ್ದೆ, ನನ್ನ ತೊಡೆ ತಟ್ಟಿ ನಕ್ಕಿರಿ.

ಸಭಿಕರೇ, ನೀವು ನಕ್ಕದ್ದು ನನ್ನ ಹೆಂಡತಿಯನ್ನು ನೋಡಿ.

ಗೊಂಬೆಗೆ ಮಂಡಿ ಮಡಚಲು ಬರುತ್ತದೆಯೇ? ಗೊಂಬೆ ಎಡಗಾಲು ಮುಂದಿಟ್ಟು ಓಡಿ ಬರುತ್ತದೆಯೇ? ಇಳಿದ ಮೇಲೆ ಗೊಂಬೆ ಎರಡು ಹೆಜ್ಜೆ ತಡೆದು ನಿಲ್ಲುತ್ತದೆಯೇ? ಇಷ್ಟು ಓದಿದವರು, ಇಷ್ಟು ಯಂತ್ರಗಳನ್ನಿಟ್ಟುಕೊಂಡವರು, ಒಂದು ಸಲ ಕಣ್ಣು ಬಿಟ್ಟು ನೋಡಬಾರದಿತ್ತೇ? ವಾಯುಧೀರ ಆ ಬಂಡೆಯಿಂದ ಹಾರಿದ್ದು ನಾಲ್ಕು ಸಲ. ನಾಲ್ಕು ಸಲವೂ ಹಾರಿದವಳು ಉಚ್ಚೆಂಗಮ್ಮ. ಸಂಡೂರು ತಾಲ್ಲೂಕಿನ ಚೋರನೂರಿನ ಮಗಳು, ಚಿತ್ತವಾಡ್ಗಿಯ ಸೊಸೆ, ನನ್ನ ಮನೆಯವಳು. ಹೋದ ವರ್ಷ ಕಾರ್ತೀಕದಲ್ಲಿ ತೀರಿಕೊಂಡಳು.

ನಡೆದದ್ದನ್ನು ಹೇಳುತ್ತೇನೆ, ಕೇಳಿ. ಮದರಾಸಿನಿಂದ ಸಾಹಸದ ಹುಡುಗ ಬಂದ. ಬಂಡೆ ಹತ್ತಿದ, ಸಂದಿಗೆ ಇಣುಕಿದ, ಇಳಿದ, ಸಂಜೆಯ ಗಾಡಿಗೆ ವಾಪಸು ಹೋದ. ನಾಗಭೂಷಣ ಅವರಿಗೆ ಎತ್ತರವೆಂದರೆ ತಲೆ ತಿರುಗುತ್ತಿತ್ತು. ಅದು ತಪ್ಪಲ್ಲ. ಆಗ ಅವರು ನಮ್ಮ ಮನೆಯಾಕೆಯ ಅಳತೆಯವರೇ, ಸಣಕಲು. ಈಗ ನೋಡಿ, ಆ ಉಡುಪು ಅವರ ಒಂದು ತೋಳಿಗೆ ಸಾಲದು. ನಗಬೇಡಿ, ಇದು ನಗುವ ಜಾಗವಲ್ಲ. ಎಲ್ಲರೂ ತಲೆಯ ಮೇಲೆ ಕೈಹೊತ್ತು ನಿಂತಿದ್ದಾಗ ಉಚ್ಚೆಂಗಮ್ಮ, ಅಡುಗೆಯ ದುರ್ಗಕ್ಕನ ಜೊತೆ, ರೊಟ್ಟಿ ಬುಟ್ಟಿ ಹೊತ್ತು ಬಂದಳು. ಜೋಳದ ರೊಟ್ಟಿ, ಪುಂಡಿಪಲ್ಯ. ಬುಟ್ಟಿ ಇಳಿಸಿ ಕೇಳಿದಳು:

'ಇಷ್ಟು ಸಂದಿಗೆ ಇಷ್ಟು ಮಂದಿ ನಿಂತೀರೇನ್ರಿ? ಸೀತಾಫಲ ಹರ್ಯಾಕ ಹೋದಾಗ ನಾವು ಇದಕ್ಕಿಂತ ದೊಡ್ಡವು ದಾಟೀವಿ.'

ಹೇಳಿದವಳೇ ಸೀರೆ ಕಚ್ಚೆ ಕಟ್ಟಿ, ಎಡಗಾಲು ಮುಂದಿಟ್ಟು, ಹಾರಿಬಿಟ್ಟಳು. ಆಚೆ ಬಂಡೆಯ ಮೇಲೆ ನಿಂತು ಸೆರಗು ಸರಿ ಮಾಡಿಕೊಂಡಳು. ಮತ್ತೆ ಹಾರಿ ಈಚೆಗೆ ಬಂದು ರೊಟ್ಟಿ ಬಡಿಸಲು ಕುಳಿತಳು. ಲಿಂಗರಾಜ್ ಅವರ ಕೈಯೊಳಗಿನ ಬೀಡಿ ಹಾಗೇ ಆರಿಹೋಗಿತ್ತು. 'ಅಮ್ಮಾ, ಅದನ್ನ ಇನ್ನೊಂದು ಸಲ ಮಾಡಿ ತೋರಿಸ್ತೀರಾ?' ಎಂದರು.

ಆಕೆ ನನ್ನ ಮುಖ ನೋಡಿದಳು. ನಾನು ಏನೆಂದೆ? 'ಜಲ್ದಿ ಮುಗಿಸು, ಯಾರರ ನೋಡ್ಯಾರು' ಎಂದೆ. ಸಭಿಕರೇ, ಇಂಥ ಹೊತ್ತಿನಲ್ಲಿ ಗಂಡನಾದವನು ಹೇಳಬೇಕಾದ ಮಾತು ಅದೇ ಇತ್ತೇ? ಬೇರೆ ಮಾತು ಆಗ ಹೊಳೆಯಲಿಲ್ಲ.

ದುರ್ಗಕ್ಕ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ, ಕೇಳಿಕೊಳ್ಳಿ. ಒಂದು ಸೀರೆಯನ್ನು ಮರೆ ಹಿಡಿದು ಆ ಹಸಿರು ಉಡುಪು ತೊಡಿಸಿದವಳು ಇವಳೇ. 'ಏ ಉಚ್ಚೆಂಗಿ, ಒಂದು ಮೀಸಿ ಹಚ್ಚಿದ್ರ ನನ್ನ ಗಂಡಗಿಂತ ಚಲೋ ಕಾಣ್ತೀ ನೋಡು' ಎಂದು ಇವಳು ಅಂದದ್ದು ನನಗೆ ಕೇಳಿಸಿತ್ತು. ಆಗ ಕಂಪ್ಲಿಯಿಂದ ಹುಲ್ಲು ತರಿಸಿದೆವು. ಆಚೆ ಬಂಡೆಯ ಮೇಲೆ ಹರಡಿದೆವು, ಇಳಿದಾಗ ಕಾಲಿಗೆ ಪೆಟ್ಟಾಗಬಾರದೆಂದು. ಹುಲ್ಲು ಗೊಂಬೆಯೊಳಗೆ ಹೋಗಲಿಲ್ಲ ಸ್ವಾಮಿ, ನನ್ನ ಹೆಂಡತಿಯ ಕಾಲಡಿಗೆ ಹೋಯಿತು.

ಮೂರು ಸಲ ಚೆನ್ನಾಗಿ ಇಳಿದಳು. ನಾಲ್ಕನೆಯ ಸಲ ಗಾಳಿಗೆ ಹುಲ್ಲು ಹಾರಿ ಕಲ್ಲು ಬಯಲಾಗಿತ್ತು. ಬಲ ಮಂಡಿ ನೇರ ಕಲ್ಲಿಗೆ ಬಡಿಯಿತು. ನಾವೆಲ್ಲ ಓಡಿದೆವು. ಮುಸುಕು ತೆಗೆದರೆ ನಗುತ್ತಿದ್ದಳು. 'ವಾಯುಧೀರಗ ಗಾಳಿ ಕಮ್ಮಿ ಬಿತ್ತು ನೋಡ್ರಿ' ಎಂದಳು. ಕಣ್ಣಲ್ಲಿ ಮಾತ್ರ ನೀರು ಇಳಿಯುತ್ತಿತ್ತು. ಆ ಮಂಡಿ ಮತ್ತೆ ಸರಿಹೋಗಲಿಲ್ಲ. ಚಿತ್ತವಾಡ್ಗಿಯವರಿಗೆ ಆಕೆಯ ಕುಂಟು ಗೊತ್ತು, ಕಾರಣ ಗೊತ್ತಿಲ್ಲ. ನಲ್ಲಿಕಟ್ಟೆಯಲ್ಲಿ ಜಾರಿ ಬಿದ್ದಳು ಎಂದು ನಾವು ಹೇಳಿದ್ದೆವು. ನಾವು ಎಂದರೆ, ನಾನು ಹೇಳಿದ್ದೆ.

ನಾಗಭೂಷಣರೇ, ತಲೆ ತಗ್ಗಿಸಬೇಡಿ, ನನ್ನ ಕಡೆ ನೋಡಿ. ಅಂದು ನೀವು ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅತ್ತಿರಿ. 'ಅಕ್ಕಾ, ನನ್ನ ಮಾನ ಉಳಿಸಿದ್ರಿ, ಊರಿಗೆಲ್ಲ ಹೇಳ್ತೀನಿ' ಎಂದಿರಿ. ಆಕೆ ಏನೆಂದಳು, ನೆನಪಿದೆಯೇ? ನನಗಿದೆ. 'ಊರಿಗೆ ಹೇಳಬ್ಯಾಡ್ರಿ ಸರ. ಹುಡುಗ್ರು ನಿಮ್ಮನ್ನ ನಂಬ್ಯಾವು, ನಂಬಿಕೊಂಡಿರ್ಲಿ. ಎಲ್ಲ್ಯರ ಒಂದು ಕಡಿ ನನ್ನ ಹೆಸರು ಬರದು ಇಡ್ರಿ, ಅಷ್ಟ ಸಾಕು.' ಅಷ್ಟೇ ಕೇಳಿದ್ದು. ಆಕೆ ಕೇಳಿದಂತೆ ನೀವು ಊರಿಗೆ ಹೇಳಲಿಲ್ಲ, ಸರಿ. ಆದರೆ ಆಕೆಯನ್ನು ಹುಲ್ಲಿನ ಗೊಂಬೆ ಎನ್ನಿ ಎಂದು ಆಕೆ ಹೇಳಿದ್ದಳೇ? ಯಾರೋ ಬರೆದುಕೊಟ್ಟದ್ದನ್ನು ಓದಿದೆ ಎಂದು ನಿನ್ನೆ ನೀವು ನನಗೆ ಸಮಾಧಾನ ಹೇಳಿದಿರಿ. ಆಕೆಯ ಕೈಯ ರೊಟ್ಟಿಯನ್ನು ಯಾರೋ ಬರೆದುಕೊಟ್ಟದ್ದಕ್ಕೆ ತಿಂದಿರಾ?

ಸುಷ್ಮಿತಾ ಅವರಿಗೂ ಹೇಳಿ ನೋಡಿದೆ. ನಿನ್ನೆ ಚಿತ್ರ ನಿಂತ ಮೇಲೆ ಹೋಗಿ, 'ಅಮ್ಮಾ, ಇದನ್ನು ತೆಗೆಯಿರಿ, ಆಕೆಯ ಹೆಸರು ಹಾಕಿ' ಎಂದೆ. ಅವರು ಮರ್ಯಾದೆಯಿಂದಲೇ ಹೇಳಿದರು. 'ಸರ್, ನೀವು ಹೇಳೋದು ನಿಜ ಇರಬಹುದು. ಆದ್ರೆ ಬಾಯಿ ಮಾತಿಗೆ ಬದಲಾಯಿಸೋಕೆ ಚಾನೆಲ್‌ನವರು ಬಿಡಲ್ಲ. ದಾಖಲೆ ಬೇಕು. ಇರೋ ದಾಖಲೆ ಒಂದೇ, ಅದರಲ್ಲಿ ಡಮ್ಮಿ ಅಂತಿದೆ.' ನಾನು ರೇಗಿದೆ. 'ನಮ್ಮ ಮನೆಗೆ ಬಂದಾಗ ಒಂದು ಮಾತು ಕೇಳಬಾರದಿತ್ತೇ?' ಎಂದು ಎಲ್ಲರ ಮುಂದೆ ಕೂಗಿದೆ.

ಕೇಳಿದ್ದರು. ಅದನ್ನೂ ಹೇಳಿಬಿಡುತ್ತೇನೆ. ಎಂಟು ತಿಂಗಳ ಹಿಂದೆ, ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಾ, ಆ ಪುಟದ ಮೇಲೆ ಬೆರಳಿಟ್ಟು, 'ಸರ್, ಈ ಡಮ್ಮಿ ಅಂದ್ರೆ?' ಎಂದು ಕೇಳಿದ್ದರು. ಕ್ಯಾಮೆರಾ ಓಡುತ್ತಿತ್ತು. 'ಡಮ್ಮಿ ಅಂದ್ರ ಡಮ್ಮಿನ ಅಮ್ಮ' ಎಂದೆ.

ಈಗ ಸಭೆಯಲ್ಲಿ ಪಿಸುಮಾತು ಶುರುವಾಯಿತು. ಆಗಲಿ. ಬರೆದವನು ಯಾರು ಎಂದು ತಾನೆ? ಕೈಬರಹ ಯಾರದು? ಹೌದು, ನನ್ನದೇ. 'ಡಿ' ಅಕ್ಷರಕ್ಕೆ ಅಷ್ಟು ದೊಡ್ಡ ಹೊಟ್ಟೆ ಈ ಜಿಲ್ಲೆಯಲ್ಲಿ ಬೇರೆ ಯಾರೂ ಬರೆಯುವುದಿಲ್ಲ.

ಐ ಬೆಗ್ ಟು ಸ್ಟೇಟ್, ಆ ಕಾಲಕ್ಕೆ ಡಮ್ಮಿ ಎಂದರೆ ಬದಲಿ ಆಳು ಎಂದೇ ನಾನು ತಿಳಿದಿದ್ದೆ. ಕಾಲೇಜಿನಲ್ಲಿ ಒಬ್ಬನ ಪರೀಕ್ಷೆಯನ್ನು ಇನ್ನೊಬ್ಬ ಬರೆದು ಸಿಕ್ಕಿಬಿದ್ದಾಗ, ಪ್ರಿನ್ಸಿಪಾಲರು ಅವನನ್ನು ಡಮ್ಮಿ ಎಂದು ಬೈದದ್ದನ್ನು ಕೇಳಿದ್ದೆ. ಒಬ್ಬರ ಜಾಗದಲ್ಲಿ ನಿಂತು ಕೆಲಸ ಮಾಡಿದವರು ಡಮ್ಮಿ, ನನ್ನ ಲೆಕ್ಕದಲ್ಲಿ. ತಪ್ಪು ಇಂಗ್ಲಿಷ್. ಮೂರು ಸಲ ನಪಾಸಾದವನ ಇಂಗ್ಲಿಷ್. ನಿನ್ನೆ ಮನೆಗೆ ಹೋಗಿ ಇದನ್ನೇ ನನಗೆ ನಾನೇ ಹೇಳಿಕೊಂಡೆ. ಇಂದು ನಿಮ್ಮ ಮುಂದೆಯೂ ಇಷ್ಟನ್ನೇ ಹೇಳಿ ಕುಳಿತುಬಿಡಬೇಕೆಂದು ಬಂದಿದ್ದೆ.

ಆದರೆ ಅದೇ ಪುಟದಲ್ಲಿ ದುರ್ಗಕ್ಕನ ಹೆಸರಿದೆ. 'ಫುಡ್ ಬೈ ದುರ್ಗಕ್ಕ.' ಗಾಡಿ ಹೊಡೆದ ಓಬಳೇಶನ ಹೆಸರಿದೆ. ಎಲ್ಲರ ಹೆಸರು ಬರೆಯಲು ಬಂದ ಕೈಗೆ ಒಂದು ಹೆಸರು ಬರೆಯಲು ಏಕೆ ಬರಲಿಲ್ಲ? ಪ್ಯಾಸಿವ್ ವಾಯ್ಸ್ ಕಲಿಸುವಾಗ ನಮ್ಮ ಮೇಷ್ಟ್ರು ಒಂದು ಸೂತ್ರ ಹೇಳಿದ್ದರು. 'ದಿ ಜಂಪ್ ವಾಸ್ ಟೇಕನ್' ಎಂದು ಬರೆದರೆ ವಾಕ್ಯ ಪೂರ್ತಿಯಾಯಿತು, 'ಬೈ' ಎಂಬುದನ್ನೂ ಅದರ ಮುಂದಿನ ಹೆಸರನ್ನೂ ಬಿಟ್ಟರೂ ನಡೆಯುತ್ತದೆ ಎಂದು. ಇಡೀ ಬಿ.ಎ.ಯಲ್ಲಿ ನನಗೆ ಉಪಯೋಗಕ್ಕೆ ಬಂದ ಪಾಠ ಅದೊಂದೇ.

ನಮ್ಮವ್ವ ಇನ್ನೂ ಬದುಕಿದ್ದಳು. ಸೊಸೆ ಗಂಡಸರ ಬಿಗಿ ಚಲ್ಲಣ ತೊಟ್ಟು ಐವತ್ತು ಜನ ಪರಊರವರ ಮುಂದೆ ಹಾರಿದಳು ಎಂದು ಕಾಗದದ ಮೇಲೆ ಇದ್ದರೆ, ಯಾರಾದರೂ ಓದಿ ಹೇಳಿದರೆ, ಓಣಿಯಲ್ಲಿ ನಾನು ಹೇಗೆ ತಿರುಗಾಡಲಿ? ಅದಕ್ಕೇ ಬರೆಯಲಿಲ್ಲ. ಇಂಗ್ಲಿಷ್ ತಪ್ಪಿದ್ದರಿಂದಲ್ಲ. ಲಿಂಗರಾಜ್ ಅವರು ಮೊದಲ ದಿನವೇ ಹೇಳಿದ್ದರು, 'ಬಂದವರೆಲ್ಲರ ಹೆಸರೂ ಇರಲಿ ಸ್ವಾಮಿ, ಕೊನೆಗೆ ಟೀವಿಯಲ್ಲಿ ಹಾಕ್ತೀವಿ' ಎಂದು. ಹಾಕಿದರು. ಓಬಳೇಶನ ಹೆಸರು ಬಂತು, ನನ್ನದೂ ಬಂತು.

ಅಂದು ಸಂಜೆ ಮಂಡಿಗೆ ಅರಿಶಿನ ಕಟ್ಟಿಕೊಂಡು ಕುಳಿತಿದ್ದಳು. 'ನನ್ನ ಹೆಸರು ಬರದ್ರೇನು?' ಎಂದು ಕೇಳಿದಳು.

'ಹ್ಞೂಂ, ಬರದೀನಿ' ಎಂದೆ.

'ತೋರಸ್ರಿ.'

ಆಕೆ ಕನ್ನಡ ಮೂರನೆಯ ಇಯತ್ತೆ ಓದಿದವಳು. ಇಂಗ್ಲಿಷ್ ಒಂದಕ್ಷರ ಬಾರದು. ನಾನು 'ಡಮ್ಮಿ' ಎಂಬುದರ ಮೇಲೆ ಬೆರಳಿಟ್ಟು 'ಇದಾ' ಎಂದೆ.

'ನಾಕು ಸಲ ಹಾರೀನಿ. ನಾಕು ಸಲ ಐತೇನು?'

'ನಾಕು ಸಲ ಐತಿ. ನೋಡು, ಇಲ್ಲಿ, ಇಲ್ಲಿ, ಇಲ್ಲಿ, ಇಲ್ಲಿ.'

ಆಕೆ ನಾಲ್ಕರ ಮೇಲೂ ಬೆರಳಾಡಿಸಿದಳು. ಆಮೇಲೆ ಅಂದಳು: 'ಇಂಗ್ಲೀಷಿನ್ಯಾಗ ನನ್ನ ಹೆಸರು ಭಾಳ ಸಣ್ಣದು ಕಾಣ್ತೈತಲ್ರಿ.'

'ಇಂಗ್ಲೀಷ್ ಅಂದ್ರ ಹಂಗ, ಎಲ್ಲಾನೂ ಸಣ್ಣದು ಮಾಡ್ತೈತಿ' ಎಂದೆ. ನಕ್ಕಳು. ನಂಬಿದಳು. ಸಭಿಕರೇ, ನಂಬಿದಳು.

'ಇತಿಹಾಸ ಸಂರಕ್ಷಕ' ಎಂದಿರಲ್ಲ. ರಿಜಿಸ್ಟರನ್ನು ಕಾಪಾಡಿದವನು ನಾನಲ್ಲ. ಎರಡು ಸಲ ಅದನ್ನು ರದ್ದಿಗೆ ಹಾಕಲು ತೆಗೆದಿದ್ದೆ. ಎರಡು ಸಲವೂ ಆಕೆಯೇ ಕಸಿದುಕೊಂಡಳು. ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಗೆದ್ದಲು ಹತ್ತದಂತೆ ಬೇವಿನೆಲೆ ಇಟ್ಟು, ಟ್ರಂಕಿನ ತಳದಲ್ಲಿಟ್ಟಳು. ಅದರಲ್ಲಿ ತನ್ನ ಹೆಸರಿದೆ ಎಂದು. ಮನೆಗೆ ಬಂದ ತವರಿನವರಿಗೆ ಗುಟ್ಟಾಗಿ ತೋರಿಸುತ್ತಿದ್ದಳಂತೆ. ಅವರಿಗೂ ಇಂಗ್ಲಿಷ್ ಬಾರದು. ಸಾಯುವ ಮುಂಚೆ, ಆಸ್ಪತ್ರೆಯಿಂದ ಬಂದ ಮೇಲೆ, 'ಆ ಪುಸ್ತಕ ಜ್ವಾಪಾನರಿ' ಎಂದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೆ ಸುಷ್ಮಿತಾ ಬಂದರು, ಟೀವಿಯಲ್ಲಿ ನನ್ನ ಕೈಬರಹ ಬರುತ್ತದೆ ಎಂದರು. ಎಷ್ಟೋ ವರ್ಷದ ಮೇಲೆ ಒಬ್ಬರು ನನ್ನನ್ನು ಸರ್ ಎಂದು ಕರೆದಿದ್ದರು. ಡಮ್ಮಿ ಯಾರು ಎಂದು ಹೇಳಿದರೆ, ಅದನ್ನು ಬರೆದವನು ಎಂಥವನು ಎಂದೂ ಹೇಳಬೇಕಾಗುತ್ತಿತ್ತು.

ಹಾಗಾದರೆ ನಿನ್ನೆಯಿಂದ ನಾನು ಯಾರ ಮೇಲೆ ರೇಗುತ್ತಿದ್ದೇನೆ? ನಾಗಭೂಷಣರೇ, ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ, ಅದು ಇರುತ್ತದೆ. ಸುಷ್ಮಿತಾ ಅವರೇ, ನಿಮ್ಮದು ತಪ್ಪಿಲ್ಲ. ಇದ್ದದ್ದನ್ನು ಓದಿದಿರಿ. ನಿಮಗೆ ದಾಖಲೆ ಬೇಕು. ದಾಖಲೆ ಬರೆದವನು ಇನ್ನೂ ಸತ್ತಿಲ್ಲ, ಇಲ್ಲಿ ನಿಂತಿದ್ದಾನೆ. ಬರೆದವನೇ ಹೊಡೆದುಹಾಕಿ, ತಿದ್ದಿ, ಕೆಳಗೆ ರುಜು ಹಾಕಿ, ಇಂದಿನ ತಾರೀಕು ಬರೆದರೆ ಅದು ದಾಖಲೆ ಹೌದೋ ಅಲ್ಲವೋ? ಮುನ್ನೂರು ಜನರ ಎದುರಿಗೆ ಬರೆದರೆ? ದುರ್ಗಕ್ಕ ಹೆಬ್ಬೆಟ್ಟು ಒತ್ತಿದರೆ? ನಿಮ್ಮ ಕ್ಯಾಮೆರಾದವರು ಅಲ್ಲಿ ಸುಮ್ಮನೆ ಏಕೆ ನಿಂತಿದ್ದಾರೆ, ಬರಲಿ, ತೆಗೆದುಕೊಳ್ಳಲಿ. ಹೊನ್ನೂರಸ್ವಾಮಿ ಎಂಬುವವನು ತನ್ನ ಹೆಂಡತಿಯನ್ನು ಡಮ್ಮಿ ಎಂದು ಬರೆದ, ಆಕೆಗೆ ಸುಳ್ಳು ಹೇಳಿದ, ಅದೂ ಬರಲಿ ಭಾನುವಾರ. ನಾಡೆಲ್ಲ ನೋಡಲಿ.

ವಿರೂಪಾಕ್ಷಪ್ಪನವರೇ, ಆ ಹಾರ ತೆಗೆದು ರಿಜಿಸ್ಟರ್ ಇತ್ತ ಕೊಡಿ. ನಿಮ್ಮ ಪೆನ್ನೂ ಕೊಡಿ. ಇಲ್ಲ, ಚೀಟಿ ಬೇಡ. ಇಂದು ಚೀಟಿ ತೆಗೆದುಕೊಳ್ಳುವುದಿಲ್ಲ.

ಇದೇ ಪುಟ. ನಾಲ್ಕು ಸಾಲು. ಕನ್ನಡದಲ್ಲೇ ಬರೆಯುತ್ತೇನೆ, ಆಕೆಗೆ ಓದಲು ಬರುತ್ತಿದ್ದ ಭಾಷೆ ಅದು. ಒಂದು... ನೋಡಿ, ಡಮ್ಮಿ ಇದ್ದ ಜಾಗದಲ್ಲಿ ಉಚ್ಚೆಂಗಮ್ಮ ಹಿಡಿಸುವುದೇ ಇಲ್ಲ, ಪಕ್ಕದ ಅಂಚಿಗೆ ಹೋಗಬೇಕು. ಹೋಗಲಿ. ಎರಡು.

ದೀಪ ಹಾಕಲೇ ಎನ್ನುತ್ತೀರಾ? ಚಿತ್ರ ತೋರಿಸುವವರು ಬೇಡ ಎನ್ನುತ್ತಿದ್ದಾರೆ, ದೀಪ ಹಾಕಿದರೆ ಪರದೆ ಕಾಣುವುದಿಲ್ಲವಂತೆ. ನಿಮಗೆ ಕತ್ತಲಾಗಬೇಕು, ನನಗೆ ಬೆಳಕು ಬೇಕು. ಹೊತ್ತು ಮುಳುಗಿ ಬಯಲಿನ ಬೆಳಕು ಹೋಗುತ್ತಿದೆ, ಈಗಲೇ ಗೆರೆ ಮಸುಕು. ಇನ್ನೂ ಎರಡು ಸಾಲು ಇವೆ, ಮಾತಾಡುತ್ತಾ ನಿಂತರೆ ಬರೆಯಲಾಗುವುದಿಲ್ಲ. ಕರೆದವರಿಗೆ, ಕೇಳಿದವರಿಗೆ, ನಿನ್ನೆ ನಕ್ಕವರಿಗೂ ನನ್ನ ವಂದನೆಗಳು. ನಮಸ್ಕಾರ.